ಆನ್ ಆಗ್ತಿಲ್ಲ ಅಂದ್ರೆ, ಎಲ್ಲಿ ನಿಂತಿದೆ?

ಹೋದ ಮಳೆಗಾಲದ ಒಂದು ಬೆಳಗ್ಗೆ ಗೆಳೆಯನ ಫೋನು ಬಂತು. ತಾಲ್ಲೂಕು ಕಚೇರಿ ಎದುರು ಅವನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ ಪ್ರಿಂಟು, ಅರ್ಜಿ ಟೈಪಿಂಗು, ಪಾಸ್‌ಪೋರ್ಟ್ ಸೈಜ್ ಫೋಟೊ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ.

“ಸಿಸ್ಟಮ್ ಆನ್ ಆಗ್ತಿಲ್ಲ ಮಾರಾಯ. ಹೊರಗೆ ಎಂಟು ಜನ ನಿಂತಿದ್ದಾರೆ.”

“ಫ್ಯಾನ್ ತಿರುಗ್ತಾ ಇದೆಯಾ?”

“ತಿರುಗ್ತಿದೆ.”

“ಹಾಗಾದ್ರೆ ಆನ್ ಆಗಿದೆ.”

ಅವನು ಬೈದ. ಬೈಯಬೇಕಾದ್ದೇ. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. ‘ಆನ್ ಆಗ್ತಿಲ್ಲ’ ಅನ್ನುವುದು ಐದಾರು ಬೇರೆ ಬೇರೆ ತೊಂದರೆಗಳಿಗೆ ನಾವು ಇಟ್ಟುಕೊಂಡಿರುವ ಒಂದೇ ಹೆಸರು. ಮನೆಗೆ ಆರ್‌ಸಿಸಿ ಹಾಕುವುದನ್ನು ನೋಡಿದ್ದೀರಲ್ಲ? ನೆಲದಿಂದ ತಾರಸಿಯವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಲಕ್ಕೆ ಬಾಂಡ್ಲಿ ಬರಲಿಲ್ಲ ಅಂದರೆ ಮೇಸ್ತ್ರಿ ಆಳುಗಳನ್ನೆಲ್ಲ ಬದಲಾಯಿಸುವುದಿಲ್ಲ. ಯಾರ ಕೈಯಲ್ಲಿ ನಿಂತಿದೆ ಅಂತ ಬಗ್ಗಿ ನೋಡುತ್ತಾನೆ.

ಕಂಪ್ಯೂಟರ್ ಶುರುವಾಗುವುದೂ ಹೀಗೇ. ಬಟನ್ ಒತ್ತಿದ ಮೇಲೆ ಕೆಲಸ ಕರೆಂಟನ್ನು ಹದ ಮಾಡಿ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಪ್ರೊಸೆಸರಿಗೆ, ಅಲ್ಲಿಂದ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್ ಆದ ಬಯಾಸಿಗೆ, ಆಮೇಲೆ ಡಿಸ್ಕಿಗೆ, ಕೊನೆಗೆ ವಿಂಡೋಸಿಗೆ ದಾಟುತ್ತದೆ. ದಾಟಿದಾಗೆಲ್ಲ ಒಂದು ಗುರುತು ಸಿಗುತ್ತದೆ. ಫ್ಯಾನಿನ ಸದ್ದು, ಒಂದು ಬೀಪ್, ಕಂಪನಿಯ ಲೋಗೋ, ತಿರುಗುವ ಚುಕ್ಕೆಗಳು. ಕೊನೆಯದಾಗಿ ಕಂಡ ಗುರುತು ಯಾವುದು ಅಂತ ಹೇಳಿದರೆ ಸಾಕು, ತೊಂದರೆ ಅದರ ಮುಂದಿನ ಕೈಯಲ್ಲಿದೆ.

ಫ್ಯಾನೂ ಇಲ್ಲ, ಲೈಟೂ ಇಲ್ಲ

ಮೊದಲು ಪೂರ್ತಿ ಸತ್ತಂತಿರುವ ಪೆಟ್ಟಿಗೆಯ ಕತೆ. ಇಲ್ಲಿ ಮುಜುಗರದ ವಿಷಯಗಳನ್ನೇ ಮೊದಲು ನೋಡಬೇಕು. ಗೋಡೆಯ ಸ್ವಿಚ್, ಸ್ಪೈಕ್ ಬಸ್ಟರಿನ ಸ್ವಿಚ್, ಕ್ಯಾಬಿನೆಟ್ ಹಿಂಭಾಗದಲ್ಲಿ ಎಸ್‌ಎಂಪಿಎಸ್‌ಗೇ ಇರುವ ಪುಟ್ಟ ಸ್ವಿಚ್. ಕಸ ಗುಡಿಸುವಾಗ ಈ ಮೂರನೆಯದು ಆಫ್ ಆಗಿರುವುದು ಎಷ್ಟೋ ಸಲ. ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ ನೋಡಿ. ಬ್ಯಾಟರಿ ಸತ್ತ ಯುಪಿಎಸ್ ಕಂಪ್ಯೂಟರಿನ ಮೇಲೆ ಗೂಬೆ ಕೂರಿಸುವುದರಲ್ಲಿ ನಿಸ್ಸೀಮ.

ಪವರ್ ಬಟನ್ ಬಗ್ಗೆ ಒಂದು ಮಾತು. ಟ್ಯೂಬ್‌ಲೈಟ್ ಸ್ವಿಚ್‌ನಂತೆ ಅದರ ಮೂಲಕ ಕರೆಂಟ್ ಹರಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಅದೊಂದು ಕಾಲಿಂಗ್ ಬೆಲ್. ಪ್ಲಗ್ ಹಾಕಿದ ಕ್ಷಣದಿಂದಲೇ ಎಸ್‌ಎಂಪಿಎಸ್ ಒಂದು ಸಣ್ಣ 5 ವೋಲ್ಟ್ ಸಾಲನ್ನು ಬೋರ್ಡಿಗೆ, ಅಂದರೆ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡಿಗೆ, ಕೊಡುತ್ತಲೇ ಇರುತ್ತದೆ. ಕಂಪ್ಯೂಟರ್ ಆಫ್ ಆಗಿದ್ದರೂ ಇರುತ್ತದೆ. ಬಟನ್ ಒತ್ತಿದರೆ ಎರಡು ಪಿನ್ನುಗಳು ಅರೆಕ್ಷಣ ಒಂದಾಗುತ್ತವೆ, ಅಷ್ಟೇ. ಬೋರ್ಡ್ ಅದನ್ನು ಕೇಳಿಸಿಕೊಂಡು, ಹಸಿರು ವೈರಿನ ಮೂಲಕ ಎಸ್‌ಎಂಪಿಎಸ್‌ಗೆ “ಏಳು” ಅನ್ನುತ್ತದೆ. ಆಗ ಅದು 230 ವೋಲ್ಟನ್ನು 12, 5, 3.3 ವೋಲ್ಟುಗಳಾಗಿ ಒಡೆದು ಕೊಡಲು ಶುರು ಮಾಡುತ್ತದೆ.

ಇದು ಗೊತ್ತಿದ್ದರೆ ಒಂದು ಉಪಾಯ ಹೊಳೆಯುತ್ತದೆ. ವರ್ಷಗಟ್ಟಲೆ ಒತ್ತಿಸಿಕೊಂಡ ಬಟನ್ನೇ ಕೆಟ್ಟಿರಬಹುದು ಅಲ್ವಾ? ಕ್ಯಾಬಿನೆಟ್‌ನಲ್ಲಿ ರೀಸೆಟ್ ಬಟನ್ ಇದ್ದರೆ ಅದರ ವೈರನ್ನು ಕಿತ್ತು ಪವರ್ ಪಿನ್ನುಗಳಿಗೆ ಹಾಕಿ. ಎರಡೂ ಒಂದೇ ಜಾತಿಯ ಬಟನ್. ರೀಸೆಟ್ ಒತ್ತಿದಾಗ ಕಂಪ್ಯೂಟರ್ ಎದ್ದರೆ, ಎಸ್‌ಎಂಪಿಎಸ್‌ಗೆ ದುಡ್ಡು ಕೊಡುವುದು ಉಳಿಯಿತು. ಹೀಗೆ ರೀಸೆಟ್ ಬಟನ್ನಿನಲ್ಲೇ ವರ್ಷಗಟ್ಟಲೆ ನಡೆಯುತ್ತಿರುವ ಕಂಪ್ಯೂಟರುಗಳನ್ನು ನೋಡಿದ್ದೇನೆ.

ಎಸ್‌ಎಂಪಿಎಸ್ ಎದ್ದ ಕೂಡಲೇ ಪ್ರೊಸೆಸರ್ ಓಡಲು ಶುರು ಮಾಡುವುದಿಲ್ಲ. ಎಲ್ಲ ವೋಲ್ಟೇಜೂ ನೆಟ್ಟಗಾಗುವವರೆಗೆ ಅದನ್ನು ಹಿಡಿದು ನಿಲ್ಲಿಸಿರುತ್ತಾರೆ. ಸಾಮಾನ್ಯವಾಗಿ ಅರ್ಧ ಸೆಕೆಂಡಿನ ಒಳಗೇ ಬೂದು ವೈರಿನಲ್ಲಿ ‘ಪವರ್ ಗುಡ್’ ಅನ್ನುವ ಸಂಕೇತ ಬರುತ್ತದೆ. ಅದು ಬಂದರೆ ಮಾತ್ರ ಮುಂದಿನ ಹೆಜ್ಜೆ. ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಟ್ಟರೆ ಈ ಹಂತದಲ್ಲೇ ಏನೋ ಎಡವಟ್ಟಾಗಿದೆ. ಹೆಚ್ಚಾಗಿ ಎಲ್ಲೋ ಶಾರ್ಟ್ ಆಗಿದೆ, ಎಸ್‌ಎಂಪಿಎಸ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತಿದೆ. ಪ್ರಿಂಟರ್, ಯುಎಸ್‌ಬಿ, ಡಿಸ್ಕುಗಳನ್ನೆಲ್ಲ ಬಿಚ್ಚಿ ಬರಿ ಬೋರ್ಡು, ಪ್ರೊಸೆಸರ್, ತಾತ್ಕಾಲಿಕ ನೆನಪಿನ ಪಟ್ಟಿಯಾದ ಒಂದೇ ಒಂದು ರ‍್ಯಾಮ್ ಇಟ್ಟು ನೋಡಬೇಕು. ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಪೂರಿಯಂತೆ ಉಬ್ಬಿದ್ದರೆ ಅಲ್ಲೇ ಉತ್ತರ ಸಿಕ್ಕಿತು. 2000ದ ದಶಕದ ಶುರುವಿನಲ್ಲಿ ಬಂದ ಬೋರ್ಡುಗಳಲ್ಲಂತೂ ಇದೊಂದು ಪಿಡುಗೇ ಆಗಿತ್ತು.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಧೈರ್ಯ ತೋರಿಸಲು ಬೇರೆ ಜಾಗಗಳಿವೆ.

ಫ್ಯಾನ್ ಇದೆ, ಡಿಸ್‌ಪ್ಲೇ ಇಲ್ಲ

ಗೆಳೆಯನ ಕಂಪ್ಯೂಟರ್ ನಿಂತಿದ್ದು ಇಲ್ಲಿ. ರಿಪೇರಿ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಜಾಸ್ತಿ ಇದೇ, ಜಾಸ್ತಿ ಮೋಸ ಹೋಗುವುದೂ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಎಚ್ಚರವಾದ ಪ್ರೊಸೆಸರಿಗೆ ಏನೂ ಗೊತ್ತಿರುವುದಿಲ್ಲ. ರ‍್ಯಾಮ್ ಎಷ್ಟಿದೆ, ಪರದೆ ಇದೆಯೋ ಇಲ್ಲವೋ, ಡಿಸ್ಕ್ ಎಲ್ಲಿದೆ, ಒಂದೂ ತಿಳಿಯದು. ಅದಕ್ಕೆ ಗೊತ್ತಿರುವುದು ಒಂದೇ ವಿಳಾಸ. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಅದು 4 ಜಿಬಿ ಗಡಿಗೆ ಬರೀ 16 ಬೈಟ್ ಕೆಳಗಿರುತ್ತದೆ. ಕಣ್ಣುಮುಚ್ಚಿಕೊಂಡು ಅಲ್ಲಿಗೆ ಹೋಗುತ್ತದೆ. ಅಲ್ಲಿ ಸಿಗುವುದು ಬೋರ್ಡಿನ ಚಿಪ್ಪಿನಲ್ಲಿ ಬರೆದಿಟ್ಟ ಬಯಾಸ್. ಈ ಹೆಸರು 1981ರ ಐಬಿಎಂ ಪಿಸಿಗಿಂತಲೂ ಹಳೆಯದು. ಈಗಿನದರ ಸರಿಯಾದ ಹೆಸರು ಯುಇಎಫ್‌ಐ, ಆದರೆ ಎಲ್ಲರ ಬಾಯಲ್ಲೂ ಬಯಾಸೇ.

ಬಯಾಸ್ ಒಂದೊಂದೇ ಭಾಗವನ್ನು ಮುಟ್ಟಿ ಹಾಜರಿ ತೆಗೆದುಕೊಳ್ಳುತ್ತದೆ. ಮೊದಲು ರ‍್ಯಾಮ್, ಆಮೇಲೆ ಡಿಸ್‌ಪ್ಲೇ. ಈ ಸರದಿಯಲ್ಲೇ ಒಂದು ಫಜೀತಿ ಇದೆ. ರ‍್ಯಾಮ್ ಕೈಕೊಟ್ಟರೆ ಅದನ್ನು ಪರದೆಯ ಮೇಲೆ ಬರೆದು ಹೇಳಲು ಆಗುವುದಿಲ್ಲ, ಯಾಕೆಂದರೆ ಪರದೆ ಇನ್ನೂ ಎದ್ದೇ ಇಲ್ಲ. ಬೀಪ್ ಹುಟ್ಟಿದ್ದು ಇದಕ್ಕೇ. ಬಾಯಿ ಬಾರದ ಮಗು ಅತ್ತು ಹೇಳಿದಂತೆ. ಒಂದು ಗಿಡ್ಡ ಬೀಪ್ ಬಂದರೆ ಹೆಚ್ಚಿನ ಬೋರ್ಡುಗಳಲ್ಲಿ ಎಲ್ಲ ಸರಿಯಿದೆ ಅಂತ ಅರ್ಥ. ಒಂದು ಉದ್ದ, ಎರಡು ಗಿಡ್ಡ ಬಂದರೆ ಬಹಳ ಬೋರ್ಡುಗಳಲ್ಲಿ ಡಿಸ್‌ಪ್ಲೇ ತೊಂದರೆ. ಉದ್ದುದ್ದ ಬೀಪ್ ಬಿಟ್ಟು ಬಿಟ್ಟು ಬರುತ್ತಲೇ ಇದ್ದರೆ ಸಾಮಾನ್ಯವಾಗಿ ರ‍್ಯಾಮ್. ಈ ಭಾಷೆ ಬಯಾಸ್ ತಯಾರಿಸಿದವರನ್ನು ಅವಲಂಬಿಸಿ ಬದಲಾಗುತ್ತದೆ. ಹಾಗಾಗಿ ಬೋರ್ಡಿನ ಮಾಡೆಲ್ ನಂಬರ್ ನೋಡಿ ಅದರ ಪುಸ್ತಕದಲ್ಲೇ ಹುಡುಕಬೇಕು.

ಈಚಿನ ಕ್ಯಾಬಿನೆಟ್‌ಗಳಲ್ಲಿ ಆ ಪುಟ್ಟ ಸ್ಪೀಕರನ್ನೇ ಕೊಡುವುದಿಲ್ಲ, ಜಿಪುಣರು. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಚಿಲ್ಲರೆ ಕಾಸಿಗೆ ಸಿಗುತ್ತದೆ, ತಂದು ಬೋರ್ಡಿಗೆ ಚುಚ್ಚಿದರೆ ಆಯಿತು. ಹೊಸ ಬೋರ್ಡುಗಳಲ್ಲಿ ಕೆಲವಕ್ಕೆ ಬೀಪಿನ ಬದಲು ನಾಲ್ಕು ಸಣ್ಣ ಲೈಟುಗಳಿರುತ್ತವೆ. ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ, ಬೂಟ್. ಯಾವ ಲೈಟ್ ಆರದೆ ಉಳಿಯಿತೋ ಬಾಂಡ್ಲಿ ಅವರ ಕೈಯಲ್ಲಿದೆ.

ಸ್ಪೀಕರೂ ಇಲ್ಲ, ಲೈಟೂ ಇಲ್ಲ ಅಂದರೆ ಕೀಬೋರ್ಡ್ ನೋಡಿ. ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರುತ್ತಿದ್ದರೆ ಒಳಗೆ ಕಂಪ್ಯೂಟರ್ ಬದುಕಿದೆ, ನಿಮಗೆ ಕಾಣಿಸುತ್ತಿಲ್ಲ ಅಷ್ಟೇ. ಆಗ ಮಾನಿಟರ್, ಕೇಬಲ್ ಕಡೆ ಹೋಗಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದೂ ಕೇಬಲನ್ನು ಬೋರ್ಡಿನ ಪೋರ್ಟಿಗೆ ಹಾಕಿರುವುದು ತುಂಬಾ ಸಾಮಾನ್ಯ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದೇ ಇಲ್ಲ. ಅವಕ್ಕೆ ಬೋರ್ಡಿನ ಪೋರ್ಟು ಬರಿ ತೂತು. ಕ್ಯಾಪ್ಸ್ ಲಾಕ್ ಕೂಡ ಮಿಸುಕದಿದ್ದರೆ ಬಯಾಸ್ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿದೆ ಅಂತ ಲೆಕ್ಕ.

ಗೆಳೆಯನಿಗೆ ಒತ್ತಿ ನೋಡಲು ಹೇಳಿದೆ. ಲೈಟ್ ಹತ್ತಲಿಲ್ಲ. “ಅದೇನೋ ಕೀಂ ಕೀಂ ಅಂತಿದೆ, ಅದು ಯಾವಾಗ್ಲೂ ಇರೋದೇನಾ?” ಅಂದ. ಅದನ್ನು ಮೊದಲೇ ಹೇಳಬಾರದಾ!

ರ‍್ಯಾಮ್ ಕೆಡುವುದು ಅಪರೂಪ. ಕೆಡುವುದು ರ‍್ಯಾಮ್ ಮತ್ತು ಸ್ಲಾಟಿನ ನಡುವಿನ ಸ್ನೇಹ. ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿವೆ. ಅದು ನಿಜವಾಗಿಯೂ ತೆಳ್ಳನೆ ಚಿನ್ನದ ಲೇಪವೇ, ತುಕ್ಕು ಹಿಡಿಯದಿರಲಿ ಅಂತ. ಆದರೂ ದೂಳು, ಕೈಯ ಜಿಡ್ಡು, ಮಳೆಗಾಲದ ತೇವ ಸೇರಿ ಕಾಣದಷ್ಟು ತೆಳುವಾದ ಒಂದು ಪೊರೆ ಕೂರುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೇ ಗರಿಗರಿ ಇರುವುದಿಲ್ಲ, ಇನ್ನು ರ‍್ಯಾಮ್ ಎಲ್ಲಿಂದ ಇರಬೇಕು.

ಮದ್ದು ಶಾಲೆ ಮಕ್ಕಳ ಕಂಪಾಸಿನಲ್ಲಿದೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನೊಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ಸ್ಲಾಟಿನ ಕ್ಲಿಪ್ ಬಿಡಿಸಿ ರ‍್ಯಾಮ್ ತೆಗೆದು, ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ. ಬ್ಲೇಡ್, ಉಪ್ಪುಕಾಗದ ಬೇಡ, ಚಿನ್ನವೇ ಕಿತ್ತುಬರುತ್ತದೆ. ರಬ್ಬರ್ ಪುಡಿಯನ್ನು ಬ್ರಷ್‌ನಿಂದ ಕೊಡವಿ, ಬಾಯಿಂದ ಊದಬೇಡಿ, ಉಗುಳಿನ ಹನಿ ಹಾರುತ್ತದೆ. ಮತ್ತೆ ಹಾಕುವಾಗ ಟಕ್ ಅನ್ನುವವರೆಗೆ ಒತ್ತಬೇಕು. ಜನ ಇಲ್ಲಿ ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಸ್ಲಾಟ್ ಬದಲಿಸಿ ನೋಡಿ.

ಇಷ್ಟು ವಿವರವಾಗಿ ಹೇಳಲು ನನಗೊಂದು ಕಾರಣವಿದೆ. ನನ್ನ ಮೊದಲ ಕಂಪ್ಯೂಟರ್ ಹೀಗೇ ಕಪ್ಪಾದಾಗ ಒಂದು ಅಂಗಡಿಗೆ ಹೊತ್ತುಕೊಂಡು ಹೋಗಿದ್ದೆ. “ಬೋರ್ಡ್ ಹೋಗಿದೆ” ಅಂದರು. ಹೊಸದು ಹಾಕಿಸಿದೆ. ಎರಡು ತಿಂಗಳಿಗೆ ಮತ್ತೆ ಅದೇ ಕಪ್ಪು. ಈ ಸಲ ಹಾಸ್ಟೆಲಿನ ಸೀನಿಯರ್ ಒಬ್ಬರು ರ‍್ಯಾಮ್ ಕಿತ್ತು, ರಬ್ಬರಿನಿಂದ ಉಜ್ಜಿ, ಮತ್ತೆ ಚುಚ್ಚಿದರು. ಬಂತು. ನಾನು ಅಂಗಡಿಯಲ್ಲೇ ಬಿಟ್ಟು ಬಂದ ಆ ಹಳೆಯ ಬೋರ್ಡು ಇನ್ಯಾರ ಮನೆಯಲ್ಲಿ ಚೆನ್ನಾಗಿ ಓಡುತ್ತಿತ್ತೋ.

ಇದಕ್ಕೆ ಪೂರ್ತಿ ಉಲ್ಟಾ ಪ್ರಸಂಗವೂ ಒಂದಿದೆ. ಡಿಡಿಆರ್5 ರ‍್ಯಾಮ್ ಇರುವ ಹೊಚ್ಚ ಹೊಸ ಕಂಪ್ಯೂಟರ್ ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆ ಕಪ್ಪಾಗೇ ಇರಬಹುದು. ಬೋರ್ಡು ಹೊಸ ರ‍್ಯಾಮಿನ ಜೊತೆ ವೇಗ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಪ್ಲಗ್ ಕಿತ್ತರೆ ಮತ್ತೆ ಮೊದಲಿಂದ ಶುರು. ಸುಮ್ನೆ ಕಾಫಿ ಮಾಡಿಕೊಂಡು ಬನ್ನಿ.

ಗೆಳೆಯ ತನ್ನ ಅಂಗಡಿಯಲ್ಲೇ ಮಾರುವ ರಬ್ಬರಿನಿಂದ ಉಜ್ಜಿ ಹಾಕಿದ. ಪರದೆ ಬೆಳಗಿತು. ಅದೇನೋ ಇಂಗ್ಲಿಷಿನಲ್ಲಿ ಎರಡು ಸಾಲು ಬಂದು, ಎಫ್1 ಒತ್ತು ಅಂದಿತಂತೆ. ಓದದೆ ಒತ್ತಿದ. ಮುಂದೆ ಹೋಯಿತು. ಆ ಎರಡು ಸಾಲಿನ ಕತೆ ಆಮೇಲೆ.

ಲೋಗೋ ಬಂತು, ವಿಂಡೋಸ್ ಬರಲಿಲ್ಲ

ಬಯಾಸಿನ ಹಾಜರಿ ಮುಗಿದ ಮೇಲೆ ಅದು ಹುಡುಕುವುದು ಡಿಸ್ಕನ್ನು. ಬೂಟ್ ಅನ್ನುವ ಪದ ಇಂಗ್ಲಿಷಿನ ಒಂದು ಗಾದೆಯಂಥ ಮಾತಿನಿಂದ ಬಂದದ್ದು, ತನ್ನ ಬೂಟಿನ ಪಟ್ಟಿ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವುದು. ನಮ್ಮ ಕಡೆ ಹೇಳುವುದಾದರೆ ತನ್ನ ಜುಟ್ಟು ತಾನೇ ಹಿಡಿದು ಎದ್ದಂತೆ. ದೊಡ್ಡ ವಿಂಡೋಸನ್ನು ಎಬ್ಬಿಸಲು ಒಂದು ಪುಟ್ಟ ಪ್ರೋಗ್ರಾಮ್ ಬೇಕು, ಅದನ್ನು ಎಬ್ಬಿಸಲು ಇನ್ನೂ ಪುಟ್ಟದು.

ಹಳೆಯ ಪದ್ಧತಿಯಲ್ಲಿ ಆ ಪುಟ್ಟದ್ದು ಇದ್ದದ್ದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳಲ್ಲಿ. ಅದರಲ್ಲೂ 64 ಬೈಟ್ ಡಿಸ್ಕಿನ ಪಾಲು ಪಟ್ಟಿಗೆ, ಕೊನೆಯ 2 ಬೈಟ್ ಸಹಿಗೆ. ಪ್ರೋಗ್ರಾಮಿಗೆ ಉಳಿದದ್ದು 446. ಈ ಲೇಖನದ ಹೆಚ್ಚಿನ ಪ್ಯಾರಾಗಳು ಅಷ್ಟರಲ್ಲಿ ಹಿಡಿಯುವುದಿಲ್ಲ. ಆ ಸಹಿ ಇಲ್ಲದಿದ್ದರೆ ‘ಬೂಟ್ ಮಾಡಲು ಡಿಸ್ಕ್ ಸಿಗಲಿಲ್ಲ’ ಅನ್ನುವ ಸಂದೇಶ. ಈಗಿನ ಯುಇಎಫ್‌ಐ ಡಿಸ್ಕಿನ ಒಂದು ಸಣ್ಣ ಪಾಲಿನೊಳಗೆ ಹೋಗಿ ಬೇಕಾದ ಫೈಲನ್ನು ನೇರವಾಗಿ ಎತ್ತಿಕೊಳ್ಳುತ್ತದೆ.

ಇಂಥ ಸಂದೇಶ ಬಂದರೆ ಮೊದಲು ಹಿಂದೆ ಮುಂದೆ ಯಾವುದಾದರೂ ಪೆನ್‌ಡ್ರೈವ್ ಚುಚ್ಚಿಕೊಂಡಿದೆಯಾ ನೋಡಿ. ಬಯಾಸ್ ಅದರಲ್ಲಿ ವಿಂಡೋಸ್ ಹುಡುಕುತ್ತಾ ಕೂತಿರಬಹುದು. ಅದಿಲ್ಲದಿದ್ದರೆ, ಆನ್ ಆದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯಾಸ್ ಒಳಗೆ ಹೋಗಿ ಡಿಸ್ಕುಗಳ ಪಟ್ಟಿ ನೋಡಿ. ಇಲ್ಲೊಂದು ಕವಲು ದಾರಿ. ಡಿಸ್ಕಿನ ಹೆಸರೇ ಕಾಣದಿದ್ದರೆ ಕೇಬಲ್ ಸಡಿಲವಾಗಿದೆ ಇಲ್ಲವೇ ಡಿಸ್ಕ್ ಸತ್ತಿದೆ. ಹೆಸರು ಕಂಡರೆ ಡಿಸ್ಕ್ ಉಸಿರಾಡುತ್ತಿದೆ, ಹೆಚ್ಚಾಗಿ ಒಳಗಿನ ಫೈಲುಗಳು ಹಾಳಾಗಿರುತ್ತವೆ. ಮೊದಲನೆಯದಕ್ಕೆ ಸಾಫ್ಟ್‌ವೇರ್ ಮದ್ದು ಮಾಡುವುದು, ಎರಡನೆಯದಕ್ಕೆ ಡಿಸ್ಕ್ ಬದಲಿಸುವುದು, ಎರಡೂ ದಂಡ.

ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಕೈ ತೆಗೆಯಿರಿ. ಅದರ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಮುಳ್ಳು ತಟ್ಟೆಗೆ ತಾಗದೆ ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಅಂತರದಲ್ಲಿ ತೇಲುತ್ತಿರುತ್ತದೆ. ಆ ಮುಳ್ಳು ದಾರಿ ತಪ್ಪಿದಾಗ ಬರುವ ಸದ್ದು ಅದು. ಮತ್ತೆ ಮತ್ತೆ ಆನ್ ಮಾಡಿದಷ್ಟೂ ತಟ್ಟೆಯ ಮೇಲೆ ಗೀರು. ಒಳಗೆ ಮದುವೆ ಫೋಟೊಗಳೋ ಅಂಗಡಿ ಲೆಕ್ಕವೋ ಇದ್ದರೆ ಡೇಟಾ ರಿಕವರಿ ಮಾಡುವವರಿಗೆ ಕೊಡುವುದೇ ಲೇಸು. ಎಸ್‌ಎಸ್‌ಡಿಗೆ ಈ ಸೌಜನ್ಯವೂ ಇಲ್ಲ, ತಿರುಗುವ ತಟ್ಟೆಯಿಲ್ಲದ ಅದು ಸದ್ದಿಲ್ಲದೆ ಹೋಗುತ್ತದೆ.

ಚುಕ್ಕೆ ತಿರುಗುತ್ತದೆ, ಮುಂದೆ ಹೋಗದು

ಇಲ್ಲಿಯವರೆಗೆ ಬಂದರೆ ಯಂತ್ರ ಬಹುಪಾಲು ಸರಿಯಿದೆ. ಇನ್ನು ಅನುಮಾನ ವಿಂಡೋಸಿನ ಮೇಲೆ, ಅಥವಾ ಯಂತ್ರದ ಭಾಗಗಳನ್ನು ನಡೆಸಲು ಅದರೊಳಗೆ ಆಳವಾಗಿ ಕೂತಿರುವ ಡ್ರೈವರುಗಳ ಮೇಲೆ.

ಇದಕ್ಕೆ ಲೋಕಪ್ರಸಿದ್ಧ ಉದಾಹರಣೆ 2024ರ ಜುಲೈ 19. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದೇ ಒಂದು ತಪ್ಪು ಫೈಲಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ಆ ದಿನವೇ. ಯಾವ ಯಂತ್ರವೂ ಕೆಟ್ಟಿರಲಿಲ್ಲ. ವಿಂಡೋಸ್ ಏಳುವಾಗಲೇ ಆ ಫೈಲನ್ನು ಓದುತ್ತಿತ್ತು, ಎಡವಿ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಮದ್ದು ಕೇಳಿದರೆ ನಗು ಬರುತ್ತದೆ. ಸೇಫ್ ಮೋಡಿನಲ್ಲಿ ಹೋಗಿ ಆ ಫೈಲನ್ನು ಡಿಲೀಟ್ ಮಾಡುವುದು, ಅಷ್ಟೇ.

ಸೇಫ್ ಮೋಡ್ ಅಂದರೆ ಬರಿ ಅನ್ನ ಸಾರಿನ ಊಟ. ತೀರಾ ಬೇಕಾದ ಡ್ರೈವರುಗಳನ್ನು ಮಾತ್ರ ಬಡಿಸುತ್ತದೆ. ಅದರಲ್ಲಿ ಕಂಪ್ಯೂಟರ್ ಎದ್ದರೆ ಹೊಟ್ಟೆ ಕೆಡಿಸಿದ್ದು ಈಚೆಗೆ ಸೇರಿಸಿದ ಯಾವುದೋ ಪದಾರ್ಥ. ಹೊಸ ಅಪ್‌ಡೇಟ್, ಹೊಸ ಡ್ರೈವರ್, ಹೊಸ ಆಂಟಿವೈರಸ್, ಹೀಗೆ ಒಂದೊಂದನ್ನೇ ತೆಗೆಯುತ್ತಾ ಬನ್ನಿ. ವಿಂಡೋಸ್ ಏಳದೆ ಸೇಫ್ ಮೋಡಿಗೆ ಹೋಗುವುದು ಹೇಗೆ ಅಂತೀರಾ? ಚುಕ್ಕೆಗಳು ತಿರುಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತಾನಾಗಿಯೇ ರಿಪೇರಿ ಪರದೆಗೆ ಕರೆದುಕೊಂಡು ಹೋಗುತ್ತದೆ. ಸ್ಟಾರ್ಟಪ್ ರಿಪೇರಿ, ಅಪ್‌ಡೇಟ್ ತೆಗೆಯುವುದು, ಸೇಫ್ ಮೋಡ್ ಎಲ್ಲವೂ ಅಲ್ಲಿವೆ. ಅಲ್ಲಿ ಡಿಸ್ಕಿನ ಬೀಗ ತೆಗೆಯುವ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಿದರೆ ಹೆದರಬೇಡಿ. ಮನೆಯ ಲ್ಯಾಪ್‌ಟಾಪ್ ಆದರೆ ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಫೋನಿನಿಂದ ನೋಡಬಹುದು.

“ಶಟ್‌ಡೌನ್ ಮಾಡಿ ಆನ್ ಮಾಡಿದೆ, ಸರಿ ಹೋಗಲಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿ ಹೋಯ್ತು” ಅನ್ನುವವರನ್ನು ನೋಡಿ ಎಷ್ಟೋ ಜನ ನಗುತ್ತಾರೆ. ನಗಬಾರದು. 2012ರ ವಿಂಡೋಸ್ 8ರಿಂದ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಅಲ್ಲ. ಬೇಗ ಏಳಲಿ ಅಂತ ವಿಂಡೋಸ್ ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ಮರುದಿನ ಅದೇ ಸ್ಥಿತಿಯಲ್ಲಿ ಏಳುತ್ತದೆ. ಕೆಟ್ಟ ಸ್ಥಿತಿ ಇದ್ದರೆ ಅದೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಗುಡಿಸಿ ಹೊಸದಾಗಿ ಶುರು ಮಾಡುತ್ತದೆ.

ಅಂಗಡಿಯವರು ಇಷ್ಟೆಲ್ಲ ನೋಡದೆ “ಫಾರ್ಮ್ಯಾಟ್ ಹೊಡೆದುಬಿಡೋಣ” ಅಂದರೆ, ಮೊದಲು ಡೇಟಾ ತೆಗೆದುಕೊಡಿ ಅನ್ನಿ. ವಿಂಡೋಸ್ ಏಳದಿದ್ದರೂ ಪೆನ್‌ಡ್ರೈವಿನಿಂದ ವಿಂಡೋಸಿನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಓಡಿಸಿ ಫೈಲುಗಳನ್ನು ಕಾಪಿ ಮಾಡಿಕೊಳ್ಳಬಹುದು. ಅವರಿಗೂ ಗೊತ್ತಿರುತ್ತದೆ.

ಲ್ಯಾಪ್‌ಟಾಪಿನವರಿಗೆ ಒಂದೇ ಹೆಚ್ಚಿನ ಮಾತು. ಏನೂ ಆಗದಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಬರಿ ಚಾರ್ಜರ್ ಹಾಕಿ ಆನ್ ಮಾಡಿ. ಒಳಗೊಂದು ಸಣ್ಣ ಕಂಟ್ರೋಲರ್ ಚಿಪ್ ಸ್ತಬ್ಧವಾಗಿರುತ್ತದೆ, ಇದರಿಂದ ಅದಕ್ಕೆ ಪ್ರಜ್ಞೆ ಬರುತ್ತದೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಎದ್ದಿದ್ದರೆ ಇದಾವುದೂ ಬೇಡ. ಚಾರ್ಜಿಗೂ ಹಾಕಬೇಡಿ.

ಜೆರಾಕ್ಸ್ ಅಂಗಡಿಯಿಂದ ಅರ್ಧ ಗಂಟೆಗೆ ಮತ್ತೆ ಫೋನು. “ಸಿಸ್ಟಮ್ ಬಂತು. ಈಗ ನೆಟ್ ಹೋಯ್ತು. ಪಹಣಿ ಸೈಟು ತೆರೀತಿಲ್ಲ, ಬ್ಯಾಂಕ್ ಸೈಟೂ ತೆರೀತಿಲ್ಲ. ಸುರಕ್ಷಿತ ಅಲ್ಲ ಅಂತ ಬರ್ತಿದೆ. ವೈರಸ್ಸಾ?”

“ಪರದೆಯ ಮೂಲೇಲಿ ತಾರೀಕು ಎಷ್ಟಿದೆ ನೋಡು.”

ಸ್ವಲ್ಪ ಹೊತ್ತು ಮಾತಿಲ್ಲ. “2019, ಜನವರಿ 1.”

ಓದದೆ ಎಫ್1 ಒತ್ತಿದ ಸಾಲುಗಳು ಇದನ್ನೇ ಹೇಳಿದ್ದವು. ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದು. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ ಆ 5 ವೋಲ್ಟಿನ ಸಾಲೇ ಗಡಿಯಾರಕ್ಕೆ ಸಾಕು, ಸೆಲ್ ಖರ್ಚಾಗುವುದಿಲ್ಲ. ನಮ್ಮವನು ಸಿಡಿಲಿಗೆ ಹೆದರಿ ದಿನಾ ರಾತ್ರಿ ಮೇನ್ ಸ್ವಿಚ್ಚೇ ಆಫ್ ಮಾಡಿ ಹೋಗುವವ. ವರ್ಷಗಟ್ಟಲೆ ರಾತ್ರಿಯ ಹೊರೆಯನ್ನೆಲ್ಲ ಹೊತ್ತು ಸೆಲ್ ಖಾಲಿಯಾಗಿತ್ತು. ಬ್ರೌಸರಿನ ಪಾಲಿಗೆ ಅದು 2019. ಸೈಟಿನ ಗುರುತಿನ ಚೀಟಿಯಾದ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ನಂಬಲ್ಲ ಅನ್ನುತ್ತಿತ್ತು.

“ತಾರೀಕು ಸರಿ ಮಾಡಿ ಕೆಲಸ ಶುರು ಮಾಡು. ಸೆಲ್ ಸಂಜೆ ತಂದ್ರಾಯ್ತು. ಪಕ್ಕದ ವಾಚ್ ಅಂಗಡೀಲೇ ಸಿಗ್ತದೆ” ಅಂದೆ.

“ಸರಿ, ಇಡ್ತೀನಿ” ಅಂದವನು ಫೋನ್ ಕಟ್ ಮಾಡುವುದನ್ನು ಮರೆತ. ಆ ಕಡೆಯಿಂದ ಪ್ರಿಂಟರಿನ ಕರಕರ ಕೇಳಿಸಿತು. “ಸರ್ವೆ ನಂಬರ್ ಹೇಳಿ ಯಜಮಾನ್ರೇ.”